ಜಿಯೋಕ್ಯಾಶಿಂಗ್ ಬಳಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದವರು "ವಾರಾಂತ್ಯ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿದರೆ ನಮ್ಮ ಮನೆಯ ಉತ್ತರ "ಡಬ್ಬಿ ಹುಡುಕೋಕೆ". ಅಲ್ಲಿಂದ ಪ್ರಶ್ನೆಗಳು ಶುರು. ಊರಿಗೆ ಬಂದರೆ ನೆಂಟರೂ ಅದನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಆಟದ ನಿಯಮಗಳಿಗಿಂತ ಆಟದ ಸುತ್ತ ಬೆಳೆಯುವ ಬಳಗದ ಬಗ್ಗೆಯೇ ಇಲ್ಲಿ ಜಾಸ್ತಿ ಮಾತಿದೆ. ನನ್ನನ್ನು ಈ ಆಟದಲ್ಲಿ ಉಳಿಸಿದ್ದು ಆ ಬಳಗವೇ.

ಜಿಯೋಕ್ಯಾಶಿಂಗ್ ಅಂದ್ರೆ ಏನು?

ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಅದಕ್ಕೆ ಕ್ಯಾಶ್ ಅನ್ನುತ್ತಾರೆ, ಆಡುವವರಿಗೆ ಕ್ಯಾಶರ್ ಅನ್ನುತ್ತಾರೆ. ಡಬ್ಬಿಯ ಅಕ್ಷಾಂಶ, ರೇಖಾಂಶಗಳನ್ನು ಜಿಯೋಕ್ಯಾಶಿಂಗ್ ಡಾಟ್ ಕಾಮ್ ಅನ್ನುವ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಇನ್ನೊಬ್ಬರು ಫೋನ್ ಅಥವಾ ಜಿಪಿಎಸ್ ಯಂತ್ರ ಹಿಡಿದು ಹೋಗಿ ಅದನ್ನು ಹುಡುಕುತ್ತಾರೆ. ಒಳಗಿರುವ ಲಾಗ್ ಬುಕ್‌ನಲ್ಲಿ ಹೆಸರು, ತಾರೀಕು ಬರೆಯುತ್ತಾರೆ. ಆಮೇಲೆ ಡಬ್ಬಿಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟು ಬರುತ್ತಾರೆ.

ಡಬ್ಬಿ ಬೆರಳ ತುದಿಯಷ್ಟು ಚಿಕ್ಕದಿರಬಹುದು, ಬಕೆಟ್ಟಿನಷ್ಟು ದೊಡ್ಡದೂ ಇರಬಹುದು. ದೊಡ್ಡದರಲ್ಲಿ ಗೋಲಿ, ಕೀ ಚೈನ್, ಪುಟ್ಟ ಆಟಿಕೆಗಳು ಇರುತ್ತವೆ. ಒಂದನ್ನು ತೊಗೊಂಡರೆ ಅಷ್ಟೇ ಬೆಲೆಯದ್ದು ಅಥವಾ ಇನ್ನೂ ಒಳ್ಳೆಯದು ಒಂದನ್ನು ಇಡಬೇಕು. ಜಗತ್ತಿನಾದ್ಯಂತ ಈಗ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಇದು ಎಲ್ಲಿ, ಯಾವಾಗ ಶುರುವಾಯಿತು?

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, 2000ನೇ ಇಸವಿಯ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಅಮೆರಿಕದ ಸೇನೆ ಬೇಕಂತಲೇ ಸ್ವಲ್ಪ ಕೆಡಿಸುತ್ತಿತ್ತು. ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ 100 ಮೀಟರ್ ತನಕ ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ ಮೇ 1ರ ರಾತ್ರಿ ಅದನ್ನು ನಿಲ್ಲಿಸಿದರು. ಸಾಮಾನ್ಯ ಜನರ ಕೈಲಿದ್ದ ಯಂತ್ರಗಳು ಒಂದೇ ರಾತ್ರಿಯಲ್ಲಿ ಸುಮಾರು ಹತ್ತು ಪಟ್ಟು ಕರಾರುವಾಕ್ಕಾದವು.

ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಪೋರ್ಟ್‌ಲ್ಯಾಂಡ್ ಹತ್ತಿರದ ಬೀವರ್‌ಕ್ರೀಕ್ ಬಳಿ, ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ವಿಡಿಯೋ, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಜಾಗದ ಅಂಕಿಗಳನ್ನು ಜಿಪಿಎಸ್ ಆಸಕ್ತರ ಇಂಟರ್ನೆಟ್ ಗುಂಪಿನಲ್ಲಿ ಬರೆದರು. ಏನಾದ್ರೂ ತೊಗೊಳ್ಳಿ, ಏನಾದ್ರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂದರು. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿದರು. ಮೊದಲು ಹುಡುಕಿದ ಮೈಕ್ ಟೀಗ್, ಎಲ್ಲೆಲ್ಲಿ ಇಂಥ ಡಬ್ಬಿಗಳಿವೆ ಅಂತ ತಮ್ಮ ಸ್ವಂತ ಪುಟದಲ್ಲಿ ಪಟ್ಟಿ ಮಾಡತೊಡಗಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಈ ಆಟಕ್ಕೆ ಈಗಿನ ಹೆಸರು ಕೊಟ್ಟರು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ವೆಬ್‌ಸೈಟ್ ತೆರೆದಾಗ ಇಡೀ ಜಗತ್ತಿನಲ್ಲಿ ಗೊತ್ತಿದ್ದ ಡಬ್ಬಿಗಳು 75.

ಒಬ್ಬ ಇಟ್ಟ, ಇನ್ನೊಬ್ಬ ಹುಡುಕಿದ, ಮೂರನೆಯವ ಹೆಸರಿಟ್ಟ, ನಾಲ್ಕನೆಯವ ಜಾಗ ಮಾಡಿಕೊಟ್ಟ. ಈ ಆಟವನ್ನು ಯಾವ ಕಂಪನಿಯೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ವೆಬ್‌ಸೈಟ್ ನಡೆಸುವ ಕಂಪನಿ ಆಮೇಲೆ ಬಂತು. ಮೊದಲ ಬಕೆಟ್ ಇದ್ದ ಜಾಗದಲ್ಲಿ ಈಗ ಒಂದು ನೆನಪಿನ ಫಲಕ ಇದೆ. ಜಗತ್ತಿನ ಮೂಲೆಮೂಲೆಯಿಂದ ಕ್ಯಾಶರ್‌ಗಳು ಅಲ್ಲಿಗೆ ಬರುತ್ತಾರೆ. ಬೀನ್ಸ್ ಡಬ್ಬ ಉಳಿದುಕೊಂಡಿದೆ. ಅದನ್ನು ದೊಡ್ಡ ಕೂಟಗಳಿಗೆ ಹೊತ್ತು ತರುತ್ತಾರೆ, ಜನ ಸಾಲಲ್ಲಿ ನಿಂತು ನೋಡುತ್ತಾರೆ.

ಒಬ್ಬರೇ ಹೋಗಿ ಹುಡುಕುವ ಆಟ ಅಲ್ವಾ? ಇದರಲ್ಲಿ ಗೆಳೆತನ ಎಲ್ಲಿಂದ ಬರುತ್ತೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ನೀವು ಮೊದಲ ಡಬ್ಬಿ ತೆರೆದಾಗ ಲಾಗ್ ಬುಕ್‌ನಲ್ಲಿ ಹತ್ತಾರು ಹೆಸರು ಕಾಣುತ್ತವೆ. ಎಲ್ಲ ಅಡ್ಡಹೆಸರುಗಳೇ. ಎರಡನೇ ಡಬ್ಬಿ ತೆರೆದರೆ ಅವುಗಳಲ್ಲಿ ನಾಲ್ಕೈದು ಮತ್ತೆ ಸಿಗುತ್ತವೆ. ಹತ್ತನೇ ಡಬ್ಬಿ ಹೊತ್ತಿಗೆ ನಿಮ್ಮ ಊರಲ್ಲಿ ಈ ಆಟ ಆಡುವವರು ಯಾರು ಅನ್ನೋದು ಗೊತ್ತಾಗಿರುತ್ತದೆ. ಯಾರು ದುಂಡಗೆ ಬರೆಯುತ್ತಾರೆ, ಯಾರು ರಬ್ಬರ್ ಸ್ಟಾಂಪ್ ಒತ್ತುತ್ತಾರೆ, ಯಾರು ಮಳೆಯಲ್ಲಿ ಬಂದು ಹೋಗಿದ್ದಾರೆ ಎಲ್ಲ ಗೊತ್ತು. ಮುಖ ಮಾತ್ರ ಗೊತ್ತಿಲ್ಲ.

ಒಂದು ದಿನ ಪಾರ್ಕಿನಲ್ಲಿ ಒಬ್ಬರು ಕಲ್ಲು ಬೆಂಚಿನ ಕೆಳಗೆ ಕೈಹಾಕಿ ತಡಕುತ್ತಿರುತ್ತಾರೆ. ನೀವೂ ಅದೇ ಬೆಂಚಿಗೆ ಬಂದಿರುತ್ತೀರಿ. ಇಬ್ಬರೂ ಒಬ್ಬರ ಫೋನ್ ಇನ್ನೊಬ್ಬರು ನೋಡುತ್ತೀರಿ. "ನೀವೂನಾ?" ಅಂತ ನಗು. ಅವರ ಅಡ್ಡಹೆಸರು ಕೇಳಿದ ತಕ್ಷಣ "ಅಯ್ಯೋ, ನಿಮ್ಮ ಹೆಸರನ್ನ ಎಷ್ಟು ಕಡೆ ನೋಡಿದ್ದೀನಿ!" ಅಂತ ಬಾಯಿಗೆ ಬರುತ್ತದೆ. ಪರಿಚಯದ ಅರ್ಧ ಕೆಲಸ ಅಷ್ಟರಲ್ಲೇ ಮುಗಿದಿರುತ್ತದೆ.

ಇನ್ನೊಂದು ವಿಷಯ. ಇಲ್ಲಿ ಯಾರೂ ಮೊದಲಿಗೆ ಕೆಲಸ ಏನು, ಸಂಬಳ ಎಷ್ಟು, ಯಾವ ವೀಸಾ ಅಂತ ಕೇಳುವುದಿಲ್ಲ. ಪರದೇಶದಲ್ಲಿರುವ ನಮ್ಮವರಿಗೆ ಇದು ಎಷ್ಟು ಹಗುರ ಅನ್ನಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಿವೃತ್ತ ಲಾರಿ ಚಾಲಕರು, ನರ್ಸ್, ಹೈಸ್ಕೂಲು ಹುಡುಗ, ಸಾಫ್ಟ್‌ವೇರ್‌ನವರು ಎಲ್ಲ ಒಂದೇ ಮರದ ಸುತ್ತ ಬಗ್ಗಿ ಹುಡುಕುತ್ತಾರೆ. ವರ್ಷಗಟ್ಟಲೆ ಜತೆಗೆ ತಿರುಗಿದ ಮೇಲೂ ಒಬ್ಬರ ನಿಜವಾದ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದರೂ ಕಾರು ಕೆಟ್ಟರೆ ಮೊದಲು ಫೋನ್ ಮಾಡುವುದು ಅವರಿಗೇ.

ಇದರ ಬುಡದಲ್ಲಿ ಇರುವುದು ನಂಬಿಕೆ ಅಂತ ನನಗನ್ನಿಸುತ್ತದೆ. ಬೀಗ ಇಲ್ಲದ ಡಬ್ಬಿಯನ್ನು ಬೀದಿಯಲ್ಲಿಟ್ಟು, ಮುಖ ನೋಡದ ನೂರಾರು ಜನ ಅದನ್ನು ತೆರೆದು ಸರಿಯಾಗಿ ಮುಚ್ಚಿಡುತ್ತಾರೆ ಅಂತ ನಂಬಿ ಮನೆಗೆ ಹೋಗುವ ಆಟ ಇದು. ಹಾಗೆ ನಂಬುವವರು ಎದುರುಬದುರಾದರೆ ಮಾತು ತಾನಾಗೇ ಹುಟ್ಟುತ್ತದೆ.

ಲಾಗ್‌ನಲ್ಲಿ ಏನು ಬರೀಬೇಕು? "ಟಿಎಫ್‌ಟಿಸಿ" ಸಾಕಾ?

"ಟಿಎಫ್‌ಟಿಸಿ" ಅಂದರೆ ಡಬ್ಬಿ ಇಟ್ಟವರಿಗೆ ಥ್ಯಾಂಕ್ಸ್ ಅಂತ. ಡಬ್ಬಿಯೊಳಗಿನ ಚೀಟಿ ಉಗುರಿನಷ್ಟಿದ್ದರೆ ಅಲ್ಲಿ ಬರೀ ಹೆಸರು, ತಾರೀಕು ಸಾಕು. ಆದರೆ ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಬರೆಯುವಾಗ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಯಾರ ಜತೆ ಹೋದಿರಿ, ದಾರಿ ಹೇಗಿತ್ತು, ಮೇಲೆ ಹತ್ತಿದಾಗ ಏನು ಕಂಡಿತು.

ಯಾಕೆ ಅಂದರೆ, ಡಬ್ಬಿ ಇಟ್ಟವರಿಗೆ ಸಿಗುವ ಪ್ರತಿಫಲ ಅದೊಂದೇ. ಅವರು ಜಾಗ ಹುಡುಕಿದ್ದಾರೆ, ಅನುಮತಿ ಕೇಳಿದ್ದಾರೆ, ಡಬ್ಬಿಗೆ ಬಣ್ಣ ಬಳಿದಿದ್ದಾರೆ, ಒದ್ದೆಯಾದ ಪುಸ್ತಕ ಬದಲಿಸಿದ್ದಾರೆ. ಯಾರಾದರೂ ಹುಡುಕಿದಾಗ ಅವರ ಇಮೇಲ್‌ಗೆ ನಿಮ್ಮ ಮಾತು ಹೋಗುತ್ತದೆ. ಮಲಗಿದಲ್ಲೇ ಇರುವ ವಯಸ್ಸಾದವರು ತಮ್ಮ ಹಳೆಯ ಡಬ್ಬಿಗಳ ಲಾಗ್ ಓದಲು ಕಾದು ಕೂರುತ್ತಾರೆ. ನೀವು ಬರೆದ ನಾಲ್ಕು ಸಾಲು ಅವರನ್ನು ಆ ಬೆಟ್ಟಕ್ಕೆ ಮತ್ತೊಮ್ಮೆ ಕರೆದುಕೊಂಡು ಹೋಗುತ್ತದೆ.

ಪ್ರೀಮಿಯಂ ಸದಸ್ಯರು, ಅಂದರೆ ವಾರ್ಷಿಕ ಶುಲ್ಕ ಕಟ್ಟಿದವರು, ಹತ್ತು ಡಬ್ಬಿ ಹುಡುಕಿದರೆ ಒಂದು ಮೆಚ್ಚುಗೆ ಅಂಕ ಸಿಗುತ್ತದೆ, ಅದನ್ನು ಇಷ್ಟವಾದ ಡಬ್ಬಿಗೆ ಕೊಡಬಹುದು. ಕೊಡಿ. ಆದರೆ ಒಂದು ಒಳ್ಳೆಯ ಲಾಗ್‌ಗೆ ಇರುವ ಬೆಲೆ ಆ ಅಂಕಕ್ಕಿಲ್ಲ.

ಕನ್ನಡದಲ್ಲಿ ಬರೆಯಬಹುದಾ ಅಂತಲೂ ಕೇಳುತ್ತಾರೆ. ಖಂಡಿತ ಬರೆಯಬಹುದು. ಜರ್ಮನ್ನರು ಜರ್ಮನ್‌ನಲ್ಲಿ, ಚೆಕ್ಕರು ಚೆಕ್‌ನಲ್ಲಿ ಬರೆಯುತ್ತಾರೆ. ಕೆಳಗೆ ಒಂದು ಸಾಲು ಇಂಗ್ಲಿಷ್ ಸೇರಿಸಿದರೆ ಡಬ್ಬಿ ಇಟ್ಟವರಿಗೂ ಖುಷಿ.

ಎಷ್ಟು ಹುಡುಕಿದರೂ ಸಿಗದಿದ್ದರೆ?

"ಸಿಗಲಿಲ್ಲ" ಅಂತಲೇ ದಾಖಲಿಸಿ. ಅದಕ್ಕೆ ಡಿಎನ್‌ಎಫ್ ಅನ್ನುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅದು ಬೇರೆಯವರಿಗೆ ಮಾಡುವ ಸಹಾಯ. ಮೂರು ಜನ ಸತತವಾಗಿ ಸಿಗಲಿಲ್ಲ ಅಂದರೆ ಡಬ್ಬಿ ಕಳೆದಿರಬಹುದು ಅಂತ ಇಟ್ಟವರಿಗೆ ತಿಳಿಯುತ್ತದೆ, ಅವರು ಹೋಗಿ ನೋಡುತ್ತಾರೆ.

ಹಿಂದೆ ಅದನ್ನು ಹುಡುಕಿದವರಿಗೆ ಒಂದು ಸಂದೇಶ ಕಳಿಸಿ ಸುಳಿವು ಕೇಳಬಹುದು. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಜಾಗ ಪೂರ್ತಿ ಹೇಳಿಬಿಡದೆ, ಆಟ ಕೆಡದಷ್ಟು ಮಾತ್ರ. "ಕಣ್ಣಿನ ಎತ್ತರದಲ್ಲಿ ನೋಡಿ" ಅನ್ನುವ ಒಂದು ಮಾತು ಸಾಕಾಗುತ್ತದೆ. ನನಗೆ ಆಪ್ತರಾದ ಕೆಲವರು ಮೊದಲು ಪರಿಚಯವಾದದ್ದು ಹೀಗೆ ಸುಳಿವು ಕೇಳಿಯೇ.

ಇವೆಂಟ್ ಅಂದ್ರೆ ಏನು? ಯಾರು ಬೇಕಾದರೂ ಹೋಗಬಹುದಾ?

ಇವೆಂಟ್ ಅಂದರೆ ಕ್ಯಾಶರ್‌ಗಳ ಕೂಟ. ಯಾರು ಬೇಕಾದರೂ ನಡೆಸಬಹುದು, ಯಾರು ಬೇಕಾದರೂ ಹೋಗಬಹುದು. ಸಾಮಾನ್ಯವಾಗಿ ಒಂದು ಕಾಫಿ ಅಂಗಡಿಯಲ್ಲಿ, ಪಾರ್ಕಿನ ಚಪ್ಪರದ ಕೆಳಗೆ, ಬೇಸಿಗೆಯಾದರೆ ಕೆರೆ ದಂಡೆಯಲ್ಲಿ ನಡೆಯುತ್ತದೆ. ನಕ್ಷೆಯಲ್ಲಿ ಡಬ್ಬಿಗಳ ಹಾಗೇ ಅದೂ ಕಾಣುತ್ತದೆ. ಹೋಗಿ ಬಂದರೆ ನಿಮ್ಮ ಲೆಕ್ಕಕ್ಕೆ ಒಂದು ಸೇರುತ್ತದೆ. ಅಂದರೆ ಈ ಆಟದಲ್ಲಿ ಮನುಷ್ಯರನ್ನು ಭೇಟಿ ಮಾಡುವುದಕ್ಕೂ ಡಬ್ಬಿ ಹುಡುಕಿದಷ್ಟೇ ಬೆಲೆ ಕೊಟ್ಟಿದ್ದಾರೆ. ಹಾಗೆ ನಿಯಮ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ.

500 ಜನಕ್ಕಿಂತ ಹೆಚ್ಚು ಸೇರಿದರೆ ಮೆಗಾ ಇವೆಂಟ್, 5,000 ದಾಟಿದರೆ ಗಿಗಾ. ಮೊದಲ ಗಿಗಾ ನಡೆದದ್ದು 2014ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಅಮೆರಿಕದಲ್ಲಿ ಜಿಯೋವುಡ್‌ಸ್ಟಾಕ್ ಅನ್ನುವ ಕೂಟ 2003ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಶುರುವಾಗಿ ಊರಿಂದೂರಿಗೆ ತಿರುಗುತ್ತಾ ಬಂದಿದೆ. ಅಂಥ ಕಡೆ ಟೆಂಟು, ಅಂಗಡಿ, ಜಾತ್ರೆಯ ಗದ್ದಲ ಎಲ್ಲ ಇರುತ್ತದೆ.

ಆದರೆ ನನ್ನ ಮಾತು ಕೇಳಿದರೆ, ಮೊದಲು ಚಿಕ್ಕದಕ್ಕೆ ಹೋಗಿ. ಎಂಟು ಹತ್ತು ಜನ ಸೇರುವ, ಒಂದು ಗಂಟೆಯಲ್ಲಿ ಮುಗಿಯುವ ಕೂಟ. ಮೇಜಿನ ಮೇಲೆ ಒಂದು ಲಾಗ್ ಬುಕ್ ಇರುತ್ತದೆ, ಸಹಿ ಮಾಡಿ. ಎದೆಗೆ ಅಂಟಿಸಿಕೊಳ್ಳಲು ಒಂದು ಚೀಟಿ ಕೊಡುತ್ತಾರೆ, ಅದರ ಮೇಲೆ ನಿಮ್ಮ ಅಡ್ಡಹೆಸರು ಬರೆಯಿರಿ. ಆಮೇಲೆ ಸುಮ್ನೆ ಕೂತರೂ ಸಾಕು. ಯಾವುದೋ ಡಬ್ಬಿಗೆ ಹೋಗಿ ಕೆಸರಲ್ಲಿ ಬಿದ್ದ ಕಥೆ, ಕಣಜದ ಗೂಡಿಗೆ ಕೈ ಹಾಕಿದ ಕಥೆ ಬರುತ್ತವೆ. ಒಗಟು ಬಿಡಿಸಿದರೆ ಮಾತ್ರ ಜಾಗ ಗೊತ್ತಾಗುವ ಡಬ್ಬಿಯೊಂದರ ಒಗಟು ಬಿಡಿಸಲಾಗದೆ ತಿಂಗಳಿಂದ ಒದ್ದಾಡುತ್ತಿರುವವರು ಲ್ಯಾಪ್‌ಟಾಪ್ ತಂದಿರುತ್ತಾರೆ, ನಾಲ್ಕು ತಲೆ ಅದರ ಮೇಲೆ ಬಗ್ಗಿರುತ್ತವೆ. ಕೂಟ ಮುಗಿದ ಮೇಲೆ ಯಾರೋ ಒಬ್ಬರು "ಇಲ್ಲೇ ಹತ್ತಿರ ಒಂದು ಹೊಸದು ಬಂದಿದೆ, ಬರ್ತೀರಾ?" ಅನ್ನುತ್ತಾರೆ. ಹೋಗಿ. ನಿಜವಾದ ಸ್ನೇಹ ಶುರುವಾಗುವುದು ಆ ಕಾರಿನಲ್ಲಿ.

2020ರಲ್ಲಿ ಕೋವಿಡ್‌ನಿಂದಾಗಿ ಕೂಟಗಳು ನಿಂತಿದ್ದವು. ಡಬ್ಬಿಗಳು ಕಾಡಿನಲ್ಲಿ ಇದ್ದೇ ಇದ್ದವು, ಹುಡುಕುವವರೂ ಇದ್ದರು. ಆದರೂ ಎಲ್ಲರಿಗೂ ಏನೋ ಖಾಲಿ ಖಾಲಿ ಅನ್ನಿಸಿತ್ತು.

ನನಗೆ ಸಂಕೋಚ ಜಾಸ್ತಿ. ಇಂಗ್ಲಿಷೂ ಅಷ್ಟಾಗಿ ಬರಲ್ಲ. ನಾನು ಹೋಗಬಹುದಾ?

ಹೋಗಬಹುದು. ಮದುವೆಯಾಗಿ ಬಂದು ಹೊಸ ಊರಲ್ಲಿ ಒಬ್ಬರೇ ಮನೆಯಲ್ಲಿ ಕೂರುವ ನಮ್ಮ ಹೆಣ್ಣುಮಕ್ಕಳಿಗೆ, ಮಗನ ಮನೆಗೆ ಆರು ತಿಂಗಳಿಗೆ ಬಂದ ಅಪ್ಪ ಅಮ್ಮಂದಿರಿಗೆ ನಾನು ಇದನ್ನು ಒತ್ತಾಯ ಮಾಡಿಯೇ ಹೇಳುತ್ತೇನೆ. ಮಾತಿಗೆ ವಿಷಯ ಹುಡುಕುವ ಕಷ್ಟ ಇಲ್ಲಿಲ್ಲ. ವಿಷಯ ಆಗಲೇ ಇದೆ, ಮರದ ಪೊಟರೆಯಲ್ಲಿ. ಕೈಸನ್ನೆಯಲ್ಲೇ ಜತೆಗೂಡಿ ಹುಡುಕಬಹುದು. ಬರುವವರಲ್ಲಿ ಸಂಕೋಚದವರೇ ಜಾಸ್ತಿ, ಅದೂ ಒಂದು ಅನುಕೂಲ.

ಹೋಗುವ ಮೊದಲು ಆ ಕೂಟದ ಪುಟದಲ್ಲಿ "ನಾನು ಹೊಸಬ, ಬರ್ತಾ ಇದ್ದೀನಿ" ಅಂತ ಒಂದು ಸಾಲು ಬರೆಯಿರಿ. ನಡೆಸುವವರು ನಿಮ್ಮನ್ನು ಬಾಗಿಲಲ್ಲೇ ಗುರುತಿಸಿ ಕರೆಯುತ್ತಾರೆ.

ಮೊದಲು ಹುಡುಕೋಕೆ ಪೈಪೋಟಿ ಇರುತ್ತಂತೆ?

ಇರುತ್ತದೆ. ಹೊಸ ಡಬ್ಬಿ ಪ್ರಕಟವಾದ ಕೂಡಲೇ ಪ್ರೀಮಿಯಂ ಸದಸ್ಯರ ಫೋನ್ ಕೂಗುತ್ತದೆ. ಖಾಲಿ ಲಾಗ್ ಬುಕ್‌ನಲ್ಲಿ ಮೊದಲ ಹೆಸರು ತಮ್ಮದಾಗಲಿ ಅಂತ ಊಟದ ತಟ್ಟೆ ಬಿಟ್ಟು ಓಡುವವರಿದ್ದಾರೆ. ಇದಕ್ಕೆ ಎಫ್‌ಟಿಎಫ್ ಅನ್ನುತ್ತಾರೆ. ವೆಬ್‌ಸೈಟು ಅದಕ್ಕೆ ಯಾವ ಬಹುಮಾನವನ್ನೂ ಕೊಡುವುದಿಲ್ಲ. ರಾತ್ರಿ ಹತ್ತಕ್ಕೆ ಒಂದೇ ಲೈಟು ಕಂಬದ ಕೆಳಗೆ ಟಾರ್ಚ್ ಹಿಡಿದ ಮೂವರು ಸೇರಿಬಿಟ್ಟರೆ ಪೈಪೋಟಿ ಕರಗಿ ಮೂವರೂ ಒಟ್ಟಿಗೆ ಸಹಿ ಹಾಕುವುದೇ ರೂಢಿ.

ಡಬ್ಬಿ ಇಡುವವರು, ನೋಡಿಕೊಳ್ಳುವವರು ಯಾರು?

ನಮ್ಮ ನಿಮ್ಮಂಥವರೇ. ಇಟ್ಟವರೇ ಅದರ ಜವಾಬ್ದಾರಿ ಹೊರಬೇಕು. ಪ್ರವಾಸ ಹೋದ ಊರಲ್ಲಿ ಒಂದು ಇಟ್ಟು ಬರುತ್ತೇನೆ ಅಂದರೆ ಒಪ್ಪುವುದಿಲ್ಲ. ಡಬ್ಬಿ ಒಡೆದರೆ, ನೀರು ಹೋದರೆ ಹೋಗಿ ಸರಿಮಾಡುವಷ್ಟು ಹತ್ತಿರ ನೀವಿರಬೇಕು. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ದೂರ ಇರಬೇಕು. ನೆಲ ಅಗೆದು ಹೂಳುವಂತಿಲ್ಲ. ತಿನ್ನುವ ವಸ್ತು ಇಡುವಂತಿಲ್ಲ. ಜಾಗದ ಮಾಲೀಕರ ಒಪ್ಪಿಗೆ ಬೇಕು.

ಇದೆಲ್ಲ ಸರಿಯಿದೆಯಾ ಅಂತ ನೋಡಿ ಪ್ರಕಟಿಸುವವರು ಸ್ವಯಂಸೇವಕ ರಿವ್ಯೂವರ್‌ಗಳು. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರಿಗೆ ಸಂಬಳ ಇಲ್ಲ. ಕೆಲಸ ಮುಗಿಸಿ ಮನೆಗೆ ಬಂದು, ಯಾರೋ ಕಳಿಸಿದ ಡಬ್ಬಿ ರೈಲು ಹಳಿಗೆ ತೀರಾ ಹತ್ತಿರ ಇದೆಯಾ, ಶಾಲೆ ಕಾಂಪೌಂಡಿನೊಳಗಿದೆಯಾ ಅಂತ ನಕ್ಷೆ ನೋಡುತ್ತಾರೆ. ಬೇಡ ಅಂದರೆ ಬೈಗುಳವೂ ಅವರಿಗೇ. ಇಡೀ ಆಟ ಇವರ ಸಂಜೆಗಳ ಮೇಲೆ ನಿಂತಿದೆ. ನಿಮ್ಮ ಡಬ್ಬಿಯನ್ನು ತಿದ್ದಲು ಹೇಳಿದರೆ ಸಿಟ್ಟಾಗದೆ ತಿದ್ದಿ ಕಳಿಸಿ.

ಡಬ್ಬಿ ಇಟ್ಟವರು ತೀರಿಕೊಂಡರೆ ಆ ಡಬ್ಬಿಗಳ ಗತಿ?

ಬದುಕಿದ್ದಾಗಲೇ ಅವನ್ನು ಇನ್ನೊಬ್ಬರಿಗೆ ವಹಿಸಿಕೊಡಬಹುದು. ಇದಕ್ಕೆ ದತ್ತು ಅನ್ನುತ್ತಾರೆ. ಮಾಲೀಕರ ಒಪ್ಪಿಗೆ ಇಲ್ಲದೆ ಹೆಸರು ಬದಲಾಗುವುದಿಲ್ಲ. ಹಾಗಾಗಿ ಕಾಯಿಲೆ ಬಿದ್ದವರು ಗೆಳೆಯರನ್ನು ಕರೆದು "ಇದನ್ನ ನೀನು ನೋಡ್ಕೋ, ಅದನ್ನ ಅವನಿಗೆ ಕೊಡು" ಅಂತ ಹಂಚುವುದುಂಟು. ಗೆಳೆಯರು ಆ ಡಬ್ಬಿಗಳನ್ನು ವರ್ಷಗಟ್ಟಲೆ ಕಾಪಾಡುತ್ತಾರೆ. ಪುಸ್ತಕ ತುಂಬಿದರೆ ಹೊಸದು ಹಾಕಿ, ಹಳೆಯದನ್ನು ಮನೆಯವರಿಗೆ ತಲುಪಿಸುತ್ತಾರೆ.

ಒಬ್ಬರು ಹೋದ ಮೇಲೆ ಅವರ ನೆನಪಿಗೇ ಹೊಸ ಡಬ್ಬಿ ಇಡುವುದೂ ಇದೆ. ಅವರು ಇಷ್ಟಪಡುತ್ತಿದ್ದ ಕಾಲುದಾರಿಯಲ್ಲಿ, ಅವರು ಬಳಸುತ್ತಿದ್ದಂಥ ಡಬ್ಬಿಯಲ್ಲಿ. ಅವರನ್ನು ನೋಡಿಯೇ ಇರದ ಜನ ಅಲ್ಲಿಗೆ ಬಂದು, ಅವರ ಬಗ್ಗೆ ಓದಿ, ಒಂದು ಒಳ್ಳೆಯ ಮಾತು ಬರೆದು ಹೋಗುತ್ತಾರೆ. ಅಂತ್ಯಕ್ರಿಯೆಗೆ ಕ್ಯಾಶರ್‌ಗಳು ಬಂದು ನಿಂತಾಗ "ಇಷ್ಟು ಜನ ಗೆಳೆಯರಿದ್ದರಾ?" ಅಂತ ಮನೆಯವರಿಗೇ ಆಶ್ಚರ್ಯವಾಗುವುದನ್ನು ನಾನು ಕಂಡಿದ್ದೇನೆ.

ಟ್ರಾವೆಲ್ ಬಗ್ ಅಂತಾರಲ್ಲ, ಅದೇನು?

ಒಂದು ಪುಟ್ಟ ಲೋಹದ ಬಿಲ್ಲೆ. ಅದರ ಮೇಲೆ ಒಂದು ಗುರುತಿನ ಸಂಖ್ಯೆ. ಅದನ್ನು ಒಂದು ಗೊಂಬೆಗೋ ಕೀ ಚೈನ್‌ಗೋ ಕಟ್ಟಿ ಡಬ್ಬಿಯಲ್ಲಿ ಬಿಡುತ್ತಾರೆ, ಅದಕ್ಕೊಂದು ಗುರಿ ಕೊಡುತ್ತಾರೆ. "ನನ್ನನ್ನು ಸಮುದ್ರ ತೋರಿಸಿ", "ನಾರ್ವೆಗೆ ಕರೆದೊಯ್ಯಿರಿ" ಅಂತ. ಅದು ಸಿಕ್ಕವರು ಮುಂದಿನ ಡಬ್ಬಿಗೆ ಸಾಗಿಸುತ್ತಾರೆ, ದಾರಿಯಲ್ಲಿ ಒಂದು ಫೋಟೋ ತೆಗೆದು ಹಾಕುತ್ತಾರೆ. ಎಷ್ಟು ದೂರ ಹೋಯಿತು ಅಂತ ಮಾಲೀಕರು ಮನೆಯಿಂದಲೇ ನೋಡಬಹುದು.

ಭೂಮಿ ಬಿಟ್ಟು ಹೋದವೂ ಇವೆ. 2008ರಲ್ಲಿ ವಿಡಿಯೋ ಗೇಮ್ ತಯಾರಕ ರಿಚರ್ಡ್ ಗ್ಯಾರಿಯಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲೊಂದು ಕ್ಯಾಶ್ ಗುರುತು ಮಾಡಿದರು. 2013ರಲ್ಲಿ ಗಗನಯಾತ್ರಿ ರಿಕ್ ಮಸ್ಟ್ರಾಕಿಯೊ ಒಂದು ಟ್ರಾವೆಲ್ ಬಗ್ ತೊಗೊಂಡು ಅಲ್ಲಿಗೆ ಹೋದರು. 2021ರಲ್ಲಿ ಮಂಗಳ ಗ್ರಹದ ಮೇಲಿಳಿದ ಪರ್ಸೆವೆರೆನ್ಸ್ ಯಂತ್ರದ ಒಂದು ಭಾಗದ ಮೇಲೂ ಇಂಥ ಗುರುತಿನ ಸಂಖ್ಯೆ ಇದೆ.

ನಮ್ಮವರಿಗೆ ಒಂದು ಸಲಹೆ. ರಜೆಗೆ ಊರಿಗೆ ಹೋಗುವವರ ಕೈಗೆ ಬಗ್ ಕೊಡಲು ಕ್ಯಾಶರ್‌ಗಳು ಕಾಯುತ್ತಿರುತ್ತಾರೆ. ಒಂದೆರಡು ತೊಗೊಂಡು ಹೋಗಿ. ಹಂಪಿಯ ಕಲ್ಲಿನ ರಥದ ಮುಂದೆ, ಅಜ್ಜಿ ಮನೆಯ ತುಳಸಿಕಟ್ಟೆಯ ಮೇಲೆ ಇಟ್ಟು ಫೋಟೋ ಹಾಕಿ. ಅದನ್ನು ಕಳಿಸಿದ ಮಗು ಫಿನ್‌ಲ್ಯಾಂಡ್‌ನಲ್ಲೋ ಪೋರ್ಚುಗಲ್‌ನಲ್ಲೋ ಕೂತು ನೋಡುತ್ತದೆ. ಸಿಕ್ಕಿದ್ದನ್ನು ಮನೆಯಲ್ಲೇ ಇಟ್ಟುಕೊಂಡುಬಿಡುವುದು ಮಾತ್ರ ದೊಡ್ಡ ತಪ್ಪು. ಎರಡು ವಾರದೊಳಗೆ ಸಾಗಿಸಲಾಗದಿದ್ದರೆ ಮಾಲೀಕರಿಗೆ ಒಂದು ಮಾತು ಬರೆದು ತಿಳಿಸಿ.

ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿಯಲ್ಲಿರುವವರು ಆಡಬಹುದಾ?

ಪ್ರತಿ ಡಬ್ಬಿಗೂ ಎರಡು ಅಂಕಿ ಇರುತ್ತವೆ. ಒಂದು ಹುಡುಕಾಟ ಎಷ್ಟು ಕಷ್ಟ ಅಂತ, ಇನ್ನೊಂದು ದಾರಿ ಎಷ್ಟು ಕಷ್ಟ ಅಂತ. ಎರಡೂ 1ರಿಂದ 5ರವರೆಗೆ. ದಾರಿಯ ಅಂಕಿ 1 ಇದ್ದರೆ ಗಾಲಿಕುರ್ಚಿಯಲ್ಲಿ ಹೋಗಬಹುದು ಅಂತ ಅರ್ಥ. 5 ಇದ್ದರೆ ಹಗ್ಗ, ದೋಣಿಯಂಥ ಸಲಕರಣೆ ಬೇಕು. ಗಾಲಿಕುರ್ಚಿಯಲ್ಲಿರುವ ಕ್ಯಾಶರ್‌ಗಳು 1 ಅಂತ ಬರೆದ ಡಬ್ಬಿಗೆ ಹೋಗಿ, ಅಲ್ಲಿ ಮೆಟ್ಟಿಲಿದ್ದರೆ ಪುಟದಲ್ಲೇ ಹೇಳುತ್ತಾರೆ. ಇಟ್ಟವರು ತಿದ್ದಿಕೊಳ್ಳುತ್ತಾರೆ. ಹೀಗೆ ತಿದ್ದಿಕೊಳ್ಳುವ ಗುಣ ಎಲ್ಲ ಕಡೆ ಇದ್ದಿದ್ದರೆ ಅನ್ನಿಸುತ್ತದೆ.

ಮಕ್ಕಳ ಬಗ್ಗೆ ಹೇಳಬೇಕಿಲ್ಲ. ಅಜ್ಜ ಮೊಮ್ಮಗಳು ಇಬ್ಬರಿಗೂ ಸಮನಾಗಿ ಹಿಡಿಸುವ ಆಟಗಳು ತೀರಾ ಕಮ್ಮಿ, ಇದು ಅವುಗಳಲ್ಲಿ ಒಂದು.

ಸಿಐಟಿಒ ಅಂದ್ರೆ?

"ಕ್ಯಾಶ್ ಇನ್ ಟ್ರ್ಯಾಶ್ ಔಟ್" ಅಂತ, ಅಂದರೆ ಡಬ್ಬಿ ಹುಡುಕುತ್ತಾ ಕಸ ಹೆಕ್ಕುವುದು. 2002ರಿಂದ ನಡೆಯುತ್ತಿದೆ. ಒಂದು ಗಂಟೆಗೆ ಕಮ್ಮಿ ಇಲ್ಲದಂತೆ ಎಲ್ಲರೂ ಸೇರಿ ಕೆರೆ, ಕಾಲುದಾರಿ, ಕಡಲ ತೀರ ಗುಡಿಸುತ್ತಾರೆ. ಗಿಡ ನೆಡುವುದು, ಕಳೆ ಕೀಳುವುದೂ ಇದರಲ್ಲೇ ಬರುತ್ತದೆ. ಬೇರೆ ದಿನವೂ ಜೇಬಲ್ಲೊಂದು ಚೀಲ ಇಟ್ಟುಕೊಂಡೇ ಹೋಗುವವರು ತುಂಬಾ ಜನ.

ಬಳಗದಲ್ಲಿ ಜಗಳ ಇಲ್ವಾ?

ಇದೆ. ಜನ ಇದ್ದ ಮೇಲೆ ಇರಲೇಬೇಕು.

ದೊಡ್ಡ ವಾದ ಅಂದರೆ ಲೆಕ್ಕದ್ದು. ನೆವಾಡಾದ ಮರುಭೂಮಿಯಲ್ಲಿ ಒಂದೇ ರಸ್ತೆಯ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಸಾಲಾಗಿ ಇಟ್ಟದ್ದು ಪ್ರಸಿದ್ಧ. ಕಾರು ನಿಲ್ಲಿಸು, ಇಳಿ, ಸಹಿ ಹಾಕು, ಹತ್ತು. ದಿನಕ್ಕೆ ನೂರಾರು. ಇದು ಆಟವೇ ಅಲ್ಲ ಅನ್ನುವವರಿದ್ದಾರೆ. ನನಗೂ ಒಂದು ಒಳ್ಳೆಯ ಡಬ್ಬಿಗೆ ಅರ್ಧ ದಿನ ನಡೆಯುವುದೇ ಇಷ್ಟ. ಆದರೆ ಒಂದೇ ಕಾರಿನಲ್ಲಿ ನಾಲ್ವರು ಬೆಳಗಿಂದ ಸಂಜೆವರೆಗೆ ಸರದಿಯಲ್ಲಿ ಇಳಿದು ಹತ್ತಿ ಮಾಡಿದರೆ ಅವರ ನಡುವೆ ಬೆಳೆಯುವ ಸಲುಗೆಯೂ ಸುಳ್ಳಲ್ಲ. ಆ ಪ್ರವಾಸದ ಮಾತು ವರ್ಷಗಟ್ಟಲೆ ಮುಗಿಯುವುದಿಲ್ಲ.

ಇನ್ನೊಂದು, ಡಬ್ಬಿ ಸಿಗದಿದ್ದಾಗ ತಮ್ಮದೇ ಒಂದು ಡಬ್ಬಿ ಎಸೆದು "ಸಿಕ್ಕಿತು" ಅನ್ನುವುದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಾಡಬಾರದು. ಹಿಂದಿನದು ಅಲ್ಲೇ ಇದ್ದರೆ ಎರಡು ಡಬ್ಬಿ ಆಗಿ, ಮುಂದೆ ಬರುವವರಿಗೂ ಇಟ್ಟವರಿಗೂ ಗೋಜಲು.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ? ಭಯ ಇಲ್ವಾ?

ಹಗಲು ಹೊತ್ತು, ಜನ ಓಡಾಡುವ ಪಾರ್ಕು, ಬೀದಿಗಳಿಂದ ಶುರುಮಾಡಿ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಮನೆಯಲ್ಲಿ ಹೇಳಿ. ಕಾಡಿನ ಡಬ್ಬಿಗಳಿಗೆ ಜತೆ ಹುಡುಕಿಕೊಳ್ಳಿ. ಇವೆಂಟ್‌ನಲ್ಲಿ ಸಿಕ್ಕ ಹೆಂಗಸರು ಇದಕ್ಕೆ ಒಳ್ಳೆಯ ಜತೆ. ಯಾರೋ ಆನ್‌ಲೈನ್‌ನಲ್ಲಿ ಕರೆದರು ಅಂತ ಮೊದಲ ಭೇಟಿಗೇ ಒಂಟಿ ಜಾಗಕ್ಕೆ ಹೋಗಬೇಡಿ. ಬಳಗ ಎಷ್ಟೇ ಒಳ್ಳೆಯದಿರಲಿ, ಈ ಎಚ್ಚರ ಬೇಕು. ಜಾಗ ಸರಿ ಕಾಣಲಿಲ್ಲ ಅಂದರೆ ಡಬ್ಬಿ ಬಿಟ್ಟು ಬನ್ನಿ.

ದುಡ್ಡು ಎಷ್ಟಾಗುತ್ತೆ?

ಏನೂ ಇಲ್ಲದೆ ಶುರುಮಾಡಬಹುದು. ಖಾತೆ ಉಚಿತ, ಆ್ಯಪ್ ಉಚಿತ. ಆಂಡ್ರಾಯ್ಡ್ ಇರುವವರಿಗೆ ಸ್ವಯಂಸೇವಕರು ಕಟ್ಟಿದ ಸಿ:ಜಿಯೋ ಅನ್ನುವ ಆ್ಯಪ್ ಕೂಡ ಇದೆ. ಪ್ರೀಮಿಯಂಗೆ ವಾರ್ಷಿಕ ಶುಲ್ಕ ಉಂಟು, ಅದು ಆಮೇಲೆ ನೋಡಿಕೊಳ್ಳಿ. ಒಂದು ಪೆನ್ನು ಮಾತ್ರ ಮರೆಯಬೇಡಿ.

ಬೆಂಗಳೂರಲ್ಲಿ, ಕರ್ನಾಟಕದಲ್ಲಿ ಇದು ನಡೆಯುತ್ತಾ?

ನಡೆಯುತ್ತದೆ, ಆದರೆ ಅಮೆರಿಕ, ಜರ್ಮನಿಗೆ ಹೋಲಿಸಿದರೆ ಡಬ್ಬಿಗಳು ತೀರಾ ಕಮ್ಮಿ. ಕಾರಣ ಎಲ್ಲರಿಗೂ ಗೊತ್ತಿರುವುದೇ. "ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ" ಅಂತ ಬಸ್ ನಿಲ್ದಾಣ, ರೈಲು ನಿಲ್ದಾಣದಲ್ಲಿ ಕೂಗಿ ಹೇಳುವ ಊರು ನಮ್ಮದು. ಗೊತ್ತಿಲ್ಲದ ಡಬ್ಬಿ ಕಂಡರೆ ಜನ ಹೆದರುವುದು ಸಹಜ. ಕಸ ಗುಡಿಸುವವರ ಕಣ್ಣಿಗೆ ಬಿದ್ದರೆ ಅದು ಕಸದ ಬುಟ್ಟಿಗೆ.

ಹಾಗಾಗಿ ಇಲ್ಲಿ ಹುಡುಕುವವರು, ಇಡುವವರು ಎರಡು ವಿಷಯ ನೆನಪಿಟ್ಟುಕೊಳ್ಳಿ. ಸರ್ಕಾರಿ ಕಟ್ಟಡ, ನಿಲ್ದಾಣ, ದೇವಸ್ಥಾನ, ಮೇಲ್ಸೇತುವೆಯ ಹತ್ತಿರ ಬೇಡವೇ ಬೇಡ. ಕಾವಲುಗಾರರು ಕೇಳಿದರೆ ಮುಚ್ಚಿಡದೆ ಫೋನ್ ತೋರಿಸಿ "ಅಣ್ಣಾ, ಇದು ಹೀಗೆ ಒಂದು ಆಟ" ಅಂತ ವಿವರಿಸಿ. ಎಷ್ಟೋ ಸಲ ಅವರೇ ಜತೆ ಸೇರಿ ಹುಡುಕುತ್ತಾರೆ, ನಮ್ಮ ಜನ ಹಾಗೆ.

ನಮ್ಮ ನಾಡಿಗೆ ಹೆಚ್ಚು ಹೊಂದುವುದು ಅರ್ಥ್‌ಕ್ಯಾಶ್ ಅಂತ ನನ್ನ ಅನಿಸಿಕೆ. 2004ರಲ್ಲಿ ಶುರುವಾದ ಇದನ್ನು ಜಿಯಲಾಜಿಕಲ್ ಸೊಸೈಟಿ ಆಫ್ ಅಮೆರಿಕ ಜತೆಗೂಡಿ ರೂಪಿಸಿತು. ಇದರಲ್ಲಿ ಡಬ್ಬಿಯೇ ಇಲ್ಲ. ಒಂದು ಬಂಡೆ, ಜಲಪಾತ ಅಥವಾ ಗುಹೆಯ ಮುಂದೆ ನಿಂತು, ಅದು ಹೇಗಾಯಿತು ಅನ್ನುವ ಪ್ರಶ್ನೆಗಳಿಗೆ ನೋಡಿ ಉತ್ತರ ಬರೆಯಬೇಕು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಉಡುಪಿ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣಿದು ಕಂಬಗಳಾಗಿ ನಿಂತಿದೆ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಂಥ ಜಾಗ ನಮ್ಮಲ್ಲಿ ಬೇಕಾದಷ್ಟಿವೆ, ಯಾರನ್ನೂ ಹೆದರಿಸದೆ ಆಡಬಹುದು.

ನಮ್ಮೂರಲ್ಲಿ ಆಡುವವರೇ ಕಮ್ಮಿ. ಬಳಗ ಕಟ್ಟೋದು ಹೇಗೆ?

ಒಂದು ಇವೆಂಟ್ ಇಡಿ. ಡಬ್ಬಿ ಇಡುವುದಕ್ಕಿಂತ ಇದು ಸುಲಭ. ಜಾಗ, ದಿನ, ಹೊತ್ತು ಗೊತ್ತು ಮಾಡಿ ಕನಿಷ್ಠ ಎರಡು ವಾರ ಮೊದಲು ಕಳಿಸಬೇಕು. ಕನಿಷ್ಠ ಅರ್ಧ ಗಂಟೆ ನಡೆಯಬೇಕು. ವ್ಯಾಪಾರದ ಉದ್ದೇಶ ಇರಬಾರದು. ಒಂದು ದರ್ಶಿನಿಯ ಮುಂದಿನ ಕಟ್ಟೆ, ಒಂದು ಕೆರೆ ದಂಡೆಯ ಬೆಂಚು ಸಾಕು.

ಮೊದಲ ಸಲ ನಾಲ್ಕೈದು ಜನರೇ ಬರಬಹುದು. ಕೆಲಸಕ್ಕೆಂದು ಬಂದ ಒಬ್ಬ ಜರ್ಮನ್, ಅಮೆರಿಕದಿಂದ ವಾಪಸ್ ಬಂದ ಒಂದು ಕುಟುಂಬ, ಕಾಲೇಜು ಹುಡುಗಿ ಒಬ್ಬಳು, ಹೀಗೆ. ಅವರ ಜತೆ ಕಾಫಿ ಕುಡಿಯಿರಿ, ಅಡ್ಡಹೆಸರು ಬರೆದುಕೊಳ್ಳಿ, ಮುಂದಿನ ತಿಂಗಳ ದಿನ ಅಲ್ಲೇ ಗೊತ್ತು ಮಾಡಿ. ದಿನ ತಪ್ಪಿಸಬೇಡಿ, ಜಾಗ ಬದಲಿಸಬೇಡಿ. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಕಟ್ಟೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಅಂತ ಗೊತ್ತಾದರೆ ಜನ ಬರುತ್ತಾರೆ. ಮೇ 2ರ ಆಸುಪಾಸು ಒಂದು ಕೂಟ ಇಟ್ಟರೆ ಇನ್ನೂ ಒಳ್ಳೆಯದು. ಜಿಪಿಎಸ್ ಸಂಕೇತ ಸರಿಹೋದ ದಿನ ಅಂತ ಎಷ್ಟೋ ದೇಶಗಳಲ್ಲಿ ಕ್ಯಾಶರ್‌ಗಳು ಅವತ್ತು ಸೇರುತ್ತಾರೆ, ಭಾರತಕ್ಕೆ ಬಂದಿರುವ ಪ್ರವಾಸಿಗರೂ ಅಂದು ನಕ್ಷೆ ನೋಡುತ್ತಿರುತ್ತಾರೆ.